ಚಿಗವ್ವನ ಮಾತಿನಿಂದ ಶುರುವಾದ ನುಡಿಚಿತ್ರ

ಜಮಖಂಡಿಯಿಂದ ಬನಹಟ್ಟಿಗೆ ಹೊರಟ ಬಸ್ಸಿನಲ್ಲಿ, ನನ್ನ ಮುಂದಿನ ಸೀಟಿನಲ್ಲಿ ಒಬ್ಬ ಹುಡುಗಿಯೂ ಅವಳ ಚಿಕ್ಕಪ್ಪನ ಹೆಂಡತಿ ಚಿಗವ್ವನೂ ಕೂತಿದ್ದರು. ಹುಡುಗಿ ಪತ್ರಿಕೆಗೆ ನುಡಿಚಿತ್ರ ಬರೆಯಲು ಕಲಿಯುತ್ತಿದ್ದಳು. ಚಿಕ್ಕಪಡಸಲಗಿಯಲ್ಲಿ ಹೊಳೆಗೆ ಅಡ್ಡಲಾಗಿ ರೈತರೇ ಕಟ್ಟಿದ ಬ್ಯಾರೇಜಿನ ಬಗ್ಗೆ ಬರೆದಿದ್ದಳು.

"ಮೊದಲ ಬರದಿದ್ದನ್ನ ಎಡಿಟರ್ ಸರ್ ವಾಪಸ್ ಕೊಟ್ರು. ಬರೇ ನೀರು, ಸಿಮೆಂಟು ಐತಿ, ಮನಷ್ಯಾರ ಇಲ್ಲ ಅಂದ್ರು."

"ಈಗ?"

"ಈಗ ನಿನ್ನ ಮಾತಿನಿಂದ ಚಾಲೂ ಮಾಡೇನಿ, ಕೇಳು. 'ಬ್ಯಾರೇಜಿಗೆ ಕಲ್ಲು ಹೊತ್ತಾಕಿ ನಾ. ನೀರು ನಿಂತ ದಿನ ಮೊದಲ ನಾನ ಇಳಿಯಾಕಿ ಅಂತ ಸೀರಿ ಕಚ್ಚಿ ಹಾಕಿ ನೀರಿಗೆ ಜಿಗದೆ. ಹೊಳಿ ಮನಿಮಗಳಂಗ ತವರಿಗೆ ಬಂದಿತ್ತು.'"

"ಇದನ್ನ ನಾ ಅಂದ್ನೇನ?"

"ನೀನ ಅಂದಿ ಬೇ. ಒಂದ ಅಕ್ಷರಾನೂ ಬದಲ ಮಾಡಿಲ್ಲ."

"ಎಷ್ಟು ಛಲೋ ಅಂದೀನಲ್ಲ! ಇನ್ನೊಮ್ಮೆ ಓದು."

ಹುಡುಗಿ ಓದಿದಳು. ಸುತ್ತಲಿನವರೂ ಮಾತು ನಿಲ್ಲಿಸಿ ಕೇಳಿದರು.

"ಸರ್ ಏನಂದ್ರು?"

"ರವಿವಾರದ ಪೇಪರಿಗೆ ತಗೊಂಡಾರ. ನೀ ಹೂಂ ಅಂದ್ರ ನಿನ್ನ ಹೆಸರು ಹಾಕ್ತೇನಿ."

ಚಿಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು.

"ಹಾಕು, ದೊಡ್ಡದಾಗಿ ಹಾಕು. ನಿಮ್ಮ ಕಾಕಾನ ಹೆಸರು ಮಾತ್ರ ಬ್ಯಾಡ. ಅವತ್ತ ಅವರು ಹೊಳಿ ದಂಡಿ ಮ್ಯಾಲ ನಿಂತು ನನ್ನ ಚಪ್ಪಲಿ ಕಾಯಾಕತ್ತಿದ್ರು."

ಬನಹಟ್ಟಿ ಬಂತು. ಇಬ್ಬರೂ ನಗುತ್ತಲೇ ಇಳಿದರು.