ಹೀಟರ್ ಹಚ್ಚಲೇನ್ರಿ, ಅಂಕಲ್

ಅಲ್ರಿ ಅಂಕಲ್, ಅದನ್ನ ಈಗ ಬಿಚ್ಚೂದು ಯಾಕ? ಬಿಡ್ರಿ ಅದನ್ನ. ಆಂಟಿ ಅಲ್ಲಿ ಆಸ್ಪತ್ರ್ಯಾಗ ಮಲಗ್ಯಾರ, ನೀವು ಇಲ್ಲಿ ಗರಾಜಿನಾಗ ಬಕೀಟ ಡಬ್ಬ ಹಾಕ್ಕೊಂಡು ಕುಂತು ಗಾಡಿ ಹೊಟ್ಟ್ಯಾಗ ಕೈ ಇಟ್ಟೀರಿ. ಏಳ್ರಿ. ಅಮ್ಮಿ ಚಹಾ ಕಳಿಸ್ಯಾಳ, ಶುಂಠಿ ಹಾಕಿದ್ದು... ಇಲ್ಲೇ ಇಡ್ತೀನಿ. ಹಮ್ಜಾ ಬಂದೇನ್ರಿ. ಮೆಹಬೂಬ್ ಮಗ. ಬೆನ್ನು ಮಾಡಿ ಕುಂತೀರಲ್ಲ, ಗೊತ್ತಾಗಿಲ್ಲೇನೋ ಅಂತ ಹೇಳಿದೆ.

ಹೂಂ ಅನ್ರಿ ಅಂಕಲ್. ಒಂದು ಹೂಂ.

ಥಂಡಿ ಭಾಳ ಐತ್ರಿ ಇಲ್ಲಿ. ಮೂವತ್ತೆಂಟು ಡಿಗ್ರಿ ಅಂತ ಟೀವ್ಯಾಗ ಹೇಳಿದ್ರು, ಅಂದ್ರ ಊರಿನ ಲೆಕ್ಕದಾಗ ಬರೇ ಮೂರು. ಅಕ್ಟೋಬರ್ ಇನ್ನೂ ಮೊದಲನೇ ವಾರ, ಮಿಶಿಗನ್ನಿಗೆ ಏನವಸರಾನೋ. ಹೀಟರ್ ಹಚ್ಚಲೇನ್ರಿ? ಮೂಲ್ಯಾಗ ಐತಲ್ಲ ದೊಡ್ಡದು... ಹಚ್ಚಿದೆ ನೋಡ್ರಿ. ಅದರ ಮಾರಿ ಗಾಡಿ ಕಡೆ ಇರ್ಲಿ. ಗಾಡಿಗೂ ವಯಸ್ಸಾಗೈತಿ, ಅದಕ್ಕೂ ಥಂಡಿ ಹತ್ತತೈತಿ. ಹತ್ತು ನಿಮಿಷ, ಇಲ್ಲಾಂದ್ರ ಹದಿನೈದು. ಕೈ ಬಿಸಿ ಆಗ್ಲಿ, ಆಮ್ಯಾಲ ಬೇಕಾದ್ದು ಬಿಚ್ಚರಿ. ಇಬ್ಬರೂ ಕೂಡಿ ಬಿಚ್ಚೂಣು. ಇಲ್ಲ, ನಾನಾ ಬಿಚ್ತೀನಿ, ನೀವು ಆಸ್ಪತ್ರಿಗೆ ನಡೀರಿ.

ನಿರಂಜನ್ ಅಣ್ಣ ಅಲ್ಲೇ ಅವ್ವನ ಹತ್ರ ಅದಾನ? ಅರೋರಾದಾಗಿನ ತನ್ನ ಮನಿಯಿಂದ ಒಂದಾ ಉಸಿರಿನಾಗ ಡ್ರೈವ್ ಮಾಡ್ಕೊಂಡು ಬಂದನಂತ. ಅಬ್ಬಾ ಹೇಳಿದ್ರು. ನಿಮ್ಮ ಲೈಸೆನ್ಸ್ ಇಸ್ಕೊಂಡು ತನ್ನ ಜೇಬಿನಾಗ ಇಟ್ಟಾನಂತ ಅದೂ ಹೇಳಿದ್ರು. ಎಪ್ಪತ್ತರ ಮುದುಕಗ ಸ್ಟಿಯರಿಂಗ್ ಯಾಕ ಕೊಟ್ರಿ ಅಂತ ಎಲ್ಲಾರ ಮುಂದ ಅಂದನಂತ. ಇಬ್ಬರನ್ನೂ ಅರೋರಾಕ್ಕ ಕರ್ಕೊಂಡು ಹೋಗ್ತಾನ, ಗಾಡೀನ ಗುಜರಿ ಮೋಡ್ಕಾಕ್ಕ ಹಾಕ್ತಾನ, ಖರೇನ್ರಿ? ನೀವು ತಲಿ ಕೆಳಗ ಹಾಕಿ ಕೊಟ್ರಂತ ಲೈಸೆನ್ಸ್.

ಯಾಕ ಕೊಟ್ರಿ?

ಆತು, ಬಿಡ್ರಿ. ನಾ ಬ್ಯಾರೆ ಮಾತಾಡ್ತೀನಿ. ನನಗ ಸುಮ್ನ ಇರಾಕ ಬರಂಗಿಲ್ಲ, ನಿಮಗ ಗೊತ್ತೈತಿ. ಸಾಲಿ ಮುಂದ ‘ಮಾರಾಟಕ್ಕಿದೆ’ ಅಂತ ಬೋರ್ಡ್ ನಿಲ್ಲಿಸಿ ಪ್ರಿನ್ಸಿಪಾಲರ ಮನಿ ಫೋನ್ ನಂಬರ್ ಬರದಿದ್ದೆನಲ್ಲ, ಹನ್ನೊಂದು ಮಂದಿ ರೇಟ್ ಕೇಳಿದ್ರಂತ. ನಗಂಗಿಲ್ಲೇನ್ರಿ? ಆವಾಗ ನಕ್ಕಿದ್ರಿ. ಇಡೀ ಕ್ಯಾಂಟನ್ ಊರಾಗ ನಕ್ಕವ್ರು ನೀವೊಬ್ರಾ. ಸಾಲ್ಯಾಗಿಂದ ಹೊರಗ ಹಾಕಿದ ಮ್ಯಾಲ ಅಬ್ಬಾ ನನ್ನ ಗದಗಕ್ಕ ಕಳಸ್ತೀನಿ ಅಂತ ಟಿಕೆಟ್ ನೋಡಾಕತ್ತಿದ್ರು, ನೀವು ಬಂದು, ಇವನ್ನ ಬ್ಯಾಸಿಗಿ ಪೂರ್ತಿ ನನ್ನ ಗರಾಜಿಗೆ ಕೊಡ್ರಿ ಮೆಹಬೂಬ್ ಅಂದ್ರಿ. ಕೈ ಚಲೋ ಅದಾವ, ತಲಿ ಒಂದು ಕುಂದ್ರಬೇಕು ಅಂದ್ರಿ. ಅಬ್ಬಾ ಆವತ್ತು ಹೇಳಿದ್ರು, ಗುರುಸಿದ್ದಣ್ಣಾರ, ಬ್ರೇಕಿನ ಕೆಲಸ ಅಷ್ಟು ನನ್ನ ಮೆಕ್ಯಾನಿಕ್ ಅಂಗಡ್ಯಾಗ ಮಾಡ್ಕೊಡ್ತೀನಿ ಅಂತ. ನೀವಾ ಬ್ಯಾಡಂದ್ರಿ. ಹುಡುಗ ಕಲೀಲಿ ಅಂದ್ರಿ.

ಅಲ್ಲಿ ಏನು ಮಾಡಾಕತ್ತೀರಿ? ಕೈ ಕಾಣವಲ್ದು.

ಜೂನಿನಾಗ ಹೋಗಿದ್ವಲ್ಲ ಈ ಗಾಡೀನ ತರಾಕ, ನೆನಪೈತಿ? ಪ್ಲಿಮತ್ತಿನ ಆಚೆ, ನಿಮ್ಮ ಹಳೇ ಗೆಳೆಯ ವಾಲ್ಟರ್ ಅಜ್ಜನ ಹುಲ್ಲಿನ ಕೊಟ್ಟಿಗಿ. ಅಜ್ಜ ತೀರಿಕೊಂಡ, ಮಗಳು ನಿಮಗ ಫೋನ್ ಮಾಡಿ, ನಿಮ್ಮದೊಂದು ಗಾಡಿ ಇಲ್ಲೈತಿ, ಒಯ್ಯಿರಿ ಅಂದಳು. ಮೂವತ್ತು ವರ್ಷ ಅಲ್ಲೇ ಬಿದ್ದಿತ್ತು. ತಾಡಪತ್ರಿ ಎಳದ್ರ ಒಳಗಿಂದ ಇಲಿ ಓಡಿದ್ವು, ನಾ ನಿಮ್ಮಕಿಂತ ಮೊದಲು ಓಡಿದೆ. ನಾಕೂ ಗಾಲಿ ಚಪ್ಪಟ್ಟಿ. ಹತ್ತೊಂಬತ್ನೂರಾ ಮೂವತ್ನಾಕರ ಫೋರ್ಡಿನ ಟಾಪು ನಾಕಿಂಚು ಕತ್ತರಿಸಿ ಕೆಳಗ ಕುಂದ್ರಿಸಿ, ಮುಂದ ರಾಕ್ಷಸನಂಥ ಎಂಜಿನ್ ಇಟ್ಟು, ಮದುವಿಗೆ ಮೊದಲು ನೀವೂ ವಾಲ್ಟರೂ ಕೂಡಿ ಮಾಡಿದ ಹಾಟ್‌ರಾಡು. ನೀವು ಅಂಗಿ ತೋಳಿಲೆ ಒರಸಿದ್ರಿ, ಕೆಳಗ ಕೆಂಪು ಬಣ್ಣ ಹೊಳೀತು. ಹಿಂದ ಬಿಳಿ ಬಣ್ಣದಾಗ ಏನೋ ಬಳ್ಳಿ ಬರದಂಗ ಇತ್ತು. ಇದೇನು ಚಿತ್ರ ಅಂದೆ. ಚಿತ್ರ ಅಲ್ಲೋ ಮಬ್ಬ, ಕನ್ನಡ, ‘ಗದಗ ಎಕ್ಸ್‌ಪ್ರೆಸ್’ ಅಂತ ಬರದೇನಿ ಅಂದ್ರಿ. ಆಮ್ಯಾಲ ಆ ಕಡೆ ಹೋಗಿ ಭಾಳ ಹೊತ್ತು ನಿಂತ್ರಿ. ನಾ ನೋಡಿಲ್ಲ ಅಂದ್ಕೊಂಡಿದ್ರಿ.

ಮನಿಗೆ ತಂದಾಗ ಆಂಟಿ ಬಾಗಲದಾಗ ನಿಂತು ಅಂದದ್ದು... ಮದುವಿ ವರ್ಷ ಮಾರಿದೆ ಅಂದಿದ್ರೆಲ್ಲ, ಇಷ್ಟು ವರ್ಷ ಎಲ್ಲಿಟ್ಟಿದ್ರಿ ಈ ನನ್ನ ಸವತೀನ ಅಂತ. ನಾ ಬಿದ್ದು ಬಿದ್ದು ನಕ್ಕೆ. ನಿಮ್ಮ ಮಾರಿ ಇಷ್ಟಾಗಿತ್ತು. ಮೂವತ್ತು ವರ್ಷದ ಸುಳ್ಳು, ಆಂಟಿ ಎರಡು ನಿಮಿಷದಾಗ ಮಾಫ್ ಮಾಡಿಬಿಟ್ರು. ಅವರಾ ಅಂದ್ರು, ದಸರಾದ ಖಂಡೇಪೂಜಿಗೆ ಇದಕ್ಕೂ ಪೂಜಿ ಆಗಬೇಕು, ನಾನಾ ಆರತಿ ಮಾಡ್ತೀನಿ ಅಂತ.

ಹೆಂಗ ಅದಾರ್ರಿ ಆಂಟಿ? ಟೊಂಕದಾಗ ರಾಡ್ ಹಾಕ್ಯಾರಂತ. ನಡೀತಾರಲ್ಲ? ಡಾಕ್ಟರ್ ಏನಂದ್ರು? ನಡೀತಾರಂತ ಡಾಕ್ಟರ್ ಅಂದಿದ್ರ ನೀವು ಹೇಳಿರ್ತಿದ್ರಿ.

ನಿನ್ನಿ ಪೂಜಿ ಹೊತ್ತಿಗೆ ನಾ ಅಲ್ಲೇ ಇದ್ದೆ ಅಂತ ಪೊಲೀಸ್ ನನ್ನೂ ಕೇಳಿದ. ಏನು ನೋಡಿದಿ ಅಂದ. ನಾ ಅಂದೆ, ನಾಕೂ ಗಾಲಿ ಕೆಳಗ ಲಿಂಬಿಹಣ್ಣು ಇಟ್ಟಿದ್ವಿ, ಗಾಡಿ ಅದರ ಮ್ಯಾಲ ಹಾದು ಹೋಗಬೇಕು, ಅದು ನಮ್ಮ ಪದ್ಧತಿ ಅಂತ. ಅಂವ ಅದನ್ನ ಬರಕೊಂಡ, ಲಿಂಬಿಹಣ್ಣು ಎಷ್ಟು ಅಂತನೂ ಬರಕೊಂಡ. ಪೂಜಿಗೆ ಬಂದಿದ್ದ ಕಲ್ಲಿನಾಥ ಅಂಕಲ್ ಕಾಯಿ ಒಡದ್ರು, ಆಂಟಿ ಮುಂದ ನಿಂತು ಆರತಿ ಬೆಳಗಿದ್ರು. ಡ್ರೈವ್‌ವೇ ಇಳಿಜಾರು. ಕೈಬ್ರೇಕಿನ ತಂತಿ ನಾವಿನ್ನೂ ಜೋಡಿಸಿರಲಿಲ್ಲ. ಗಾಡಿ ನಾಕು ಫೂಟ್ ಬಂದು ನಿಲ್ಲಬೇಕಿತ್ತು, ಬ್ರೇಕ್ ಹಿಡೀಲಿಲ್ಲ, ಇಳೀತು, ಆಂಟೀನ ಒತ್ತಿಕೊಂಡು ಹೋಗಿ ಕಲ್ಲಿನಾಥ ಅಂಕಲ್ ವ್ಯಾನಿಗೆ...

ಏನ್ರಿ? ಯಾಕ ತಿರುಗಿದ್ರಿ?

ಏನಂದೆ ನಾ? ಬ್ರೇಕ್ ಹಿಡೀಲಿಲ್ಲ ಅಂದ್ನೇನು? ಇಲ್ರಿ, ಬಾಯಿ ತಪ್ಪಿ ಬಂತು. ಪೊಲೀಸನ ಮುಂದ ಹಂಗಂದಿಲ್ಲ ನಾ. ನೀವು ಹೇಳಿದ್ದಾ ಹೇಳಿದೆ. ನಿಮ್ಮ ಕಾಲು ತಪ್ಪಿತು, ಬ್ರೇಕ್ ಅಂತ ತಿಳಿದು ಆಕ್ಸಿಲರೇಟರ್ ಒತ್ತಿದ್ರಿ. ನೀವಾ ಹೇಳಿದ್ರೆಲ್ಲ ಹಂಗ, ಎಲ್ಲಾರಿಗೂ. ವಯಸ್ಸಾತು, ಕಾಲು ತಪ್ಪಿತು ಅಂತ. ನಾ ಯಾಕ ಬ್ಯಾರೆ ಹೇಳ್ಲಿ?

ಹಿಂಗ ನೋಡಬ್ಯಾಡ್ರಿ ಅಂಕಲ್. ಬೈರಿ, ಒಂದು ಕೊಡ್ರಿ ಬೇಕಾದ್ರ, ಹಿಂಗ ಮಾತ್ರ ನೋಡಬ್ಯಾಡ್ರಿ. ನಿನ್ನಿಯಿಂದ ಏನೂ ತಿಂದಿಲ್ಲ ನಾ. ಅಮ್ಮಿ ಜ್ವರ ಅಂತ ಹಣಿ ಮುಟ್ಟಿ ಮುಟ್ಟಿ ನೋಡ್ತಾಳ. ಮನಿ ಮುಂದ ಕಾರು ನಿಂತ ಸಪ್ಪಳ ಆದ್ರ ಸಾಕು, ಪೊಲೀಸ್ ಬಂದ ಅಂತ ಬಾತ್‌ರೂಮಿಗೆ ಓಡ್ತೀನಿ.

ಆತು, ಬ್ರೇಕೇ ಹಿಡೀಲಿಲ್ಲ ಅಂತಾನಾ ಇಟ್ಕೊಳ್ರಿ. ಪೈಪು ಹಳೇವು. ಮೂವತ್ತು ವರ್ಷದ ತುಕ್ಕು, ಒಳಗ ಎಲ್ಲೋ ಕಟ್ಟಿಕೊಂಡಿರ್ತೈತಿ. ಯಾರದೂ ತಪ್ಪಲ್ಲ ಅದು. ಹೌದಿಲ್ರಿ? ಅದಕ್ಕ ಆ ಬ್ರೇಕಿನ ಎಣ್ಣಿ ಡಬ್ಬಿ ಬಿಚ್ಚಿದ್ರ ಏನೂ ಸಿಗಂಗಿಲ್ಲ. ಪೈಪ್ ನೋಡಬೇಕು, ಹಿಂದಿನ ಗಾಲಿ ಕಡೆ ನೋಡಬೇಕು. ಎಲ್ಲೆಲ್ಲೋ ನೋಡಬೇಕು. ಡಬ್ಬೀಗೆ ಮಾತ್ರ ಕೈ ಹಚ್ಚಬ್ಯಾಡ್ರಿ, ಇನ್ನೂ ಗಾಡಿ ಬಿಸಿ ಆಗಿಲ್ಲ, ಥಂಡ್ಯಾಗ ನಟ್ಟು ಮುರೀತಾವ...

ಹೀಟರ್ ಯಾಕ ಆರಿಸಿದ್ರಿ?

ಅಂಕಲ್. ಹಚ್ಚಿಬಿಡ್ರಿ ಅದನ್ನ. ಇನ್ನೊಂದು ಹತ್ತು ನಿಮಿಷ.

ಓ. ಮುಚ್ಚಳ ಟೇಬಲ್ ಮ್ಯಾಲ ಐತಿ. ನಾ ಬರೂಕಿಂತ ಮೊದಲಾ ಬಿಚ್ಚೀರಿ. ಮತ್ತ ಇಷ್ಟೊತ್ತು ನೀವು... ನಾ ಗಿಣಿಯಂಗ ಒದರಾಕತ್ತಿದ್ರ ಕೇಳ್ಕೋತ ಕುಂತಿದ್ರಿ. ಅದು ಚಮಚೇನು ಕೈಯಾಗ? ತೋರಸಬ್ಯಾಡ್ರಿ. ಗೊತ್ತೈತಿ ನನಗ, ಬೆಳ್ಳಗ ತುಪ್ಪದಂಗ ಇರ್ತೈತಿ. ವಾಸನೀನೂ ಗೊತ್ತಾಗಿರ್ತೈತಿ ನಿಮಗ, ಆಂಟಿ ತಲಿ ವಾಸನಿ ಅದು.

ಕೊಬ್ಬರಿ ಎಣ್ಣೀರಿ.

ಆಗಸ್ಟಿನಾಗ ಕರೆಂಟ್ ಹೋಗಿತ್ತಲ್ಲ, ಇಡೀ ಡೆಟ್ರಾಯಿಟಿಗೆ. ಮರುದಿನ ನೀವು, ಬ್ರೇಕಿನ ಎಣ್ಣಿ ತುಂಬಿಸು, ಗಾಳಿ ತಗಿ ಅಂತ ಡಬ್ಬಿ ಕೊಟ್ಟು ಒಳಗ ಹೋದ್ರಿ. ನಾ ಸೆಲ್ಲಿನ ರೇಡಿಯೋ ಹಾಕ್ಕೊಂಡು ಕುಣಿಯಾಕತ್ತಿದ್ದೆ, ಕಾಲು ಬಡದು ಡಬ್ಬಿ ಉರುಳಿ ಅಷ್ಟೂ ಗಟಾರಕ್ಕ ಹೋತು. ಅಂಗಡಿ ಎಲ್ಲಾ ಬಂದ್. ನಿಮಗ ಹೇಳಿದ್ರ, ಈ ಹುಡುಗನ ಕೈಲೆ ಆಗಂಗಿಲ್ಲ ಅಂತೀರಿ ಅಂತ... ನೀವೊಬ್ರಾ ಆಗ್ತೈತಿ ಅಂದವ್ರು. ಮೊದಲಿನ ಕಾಲದಾಗ ಬ್ರೇಕಿಗೆ ಔಡಲೆಣ್ಣಿ ಹಾಕ್ತಿದ್ರು ಅಂತ ನೀವಾ ಒಮ್ಮಿ ಹೇಳಿದ್ರಿ. ನನ್ನ ತಲಿ ಹೆಂಗ ಓಡಿತು ನೋಡ್ರಿ, ಔಡಲೆಣ್ಣಿ ನಡೀತೈತಂದ್ರ ಕೊಬ್ಬರಿ ಎಣ್ಣಿ ಯಾಕ ನಡಿಯಂಗಿಲ್ಲ, ಎರಡೂ ಎಣ್ಣಿ, ಎರಡೂ ಆಂಟಿ ಕಪಾಟಿನಾಗ ಇರ್ತಾವ. ಎರಡು ದೊಡ್ಡ ಬಾಟ್ಲಿ ಸುರದೆ. ಎಣ್ಣಿ ಎಲ್ಲಿ ಹೋತು ಅಂತ ಆಂಟಿ ಕೇಳಿದ್ರ, ಅಂಕಲ್ ತಲ್ಯಾಗ ಕೂದಲು ಬರ್ಲಿ ಅಂತ ಕದ್ದು ಹಚ್ಕೊಳ್ಳಾಕತ್ತಾರ ಅಂದೆ. ನಕ್ರು.

ನಡೀತಲ್ರಿ ಅವತ್ತು. ತೊಂಬತ್ತು ಡಿಗ್ರಿ ಬಿಸಿಲು. ನೀವಾ ತುಳಿದು ನೋಡಿದ್ರಿ, ಶಾಬಾಸ್ ಅಂದ್ರಿ. ನಮ್ಮ ಕಾಲನಿ ಎರಡು ಸುತ್ತು ಹಾಕಿದ್ವಿ, ಹುಡುಗರೆಲ್ಲ ಸೈಕಲ್ ತಗೊಂಡು ಹಿಂದ ಬಂದ್ರು. ಇಲ್ಲಿ ಥಂಡ್ಯಾಗ ಕೊಬ್ಬರಿ ಎಣ್ಣಿ ಕಲ್ಲಾಗ್ತೈತಿ ಅಂತ ನನಗ ಗೊತ್ತಿಲ್ಲದ್ದೇನಲ್ಲ, ದಿನಾ ಬಾಟ್ಲಿ ಬಿಸಿನೀರಾಗ ಇಟ್ಟು ಕರಗಿಸಿ ತಲಿಗೆ ಹಚ್ಕೋತೀನಿ. ಆದ್ರೂ ಹೊಳೀಲಿಲ್ಲ. ಬಾಟ್ಲ್ಯಾಗಿಂದು ಒಂದು, ಗಾಡ್ಯಾಗಿಂದು ಒಂದು ಅನ್ನೂಹಂಗ ಮರತುಬಿಟ್ಟೆ.

ಇಷ್ಟಾ ಅಂಕಲ್. ಹೇಳಿದೆ. ಈಗ ನಿರಂಜನ್ ಅಣ್ಣಗ ಫೋನ್ ಮಾಡ್ರಿ, ನಿಮ್ಮ ಕಾಲು ತಪ್ಪಿಲ್ಲ ಅಂತ ಹೇಳ್ರಿ. ನಾನಾ ಹೇಳ್ತೀನಿ ಬೇಕಾದ್ರ. ಲೈಸೆನ್ಸ್ ಇಸ್ಕೊಳ್ರಿ. ನನಗ ಏನಾದ್ರೂ ಆಗ್ಲಿ, ಗದಗಕ್ಕರ ಕಳಿಸ್ಲಿ, ಜೇಲಿಗರ ಹಾಕ್ಲಿ.

ಏನರ ಅನ್ರಿ.

ಇನ್ನೇನು ಬೇಕ್ರಿ? ಎಲ್ಲಾ ಹೇಳಿದೆನಲ್ಲ. ತಪ್ಪು ಮಾಡಿದೆ, ಗೊತ್ತಾಗದ ಮಾಡಿದೆ. ಅರ್ಧಾ ಸಾಲಿ ಕಲ್ತವ, ಹೊಳೀಲಿಲ್ಲ. ಹೊಳೀಲಿಲ್ಲ ಅಂದೆನಲ್ಲ.

ನೀವು ಚಮಚ ಕೆಳಗಿಟ್ಟು ಮತ್ತ ನನ್ನಾ ನೋಡಾಕತ್ತೀರಿ.

ನೀವು ಪೆಡಲ್ ಒತ್ತಿದ್ರಿ. ಕಾಲಿಗೆ ಕಲ್ಲು ಬಡದಂಗ ಆಗಿರ್ತೈತಿ. ಕಾಲು ತಪ್ಪಿಲ್ಲ ಅಂತ ನಿಮಗ ಆವಾಗಾ ಗೊತ್ತು. ಹಂಗಿದ್ರೂ ಪೊಲೀಸಗ... ನನ್ನ ಉಳಿಸಾಕ ಹಂಗ ಹೇಳಿದ್ರೇನು? ಅಲ್ಲ. ಅದಕ್ಕಾದ್ರ ಇಷ್ಟೊತ್ತಿಗೆ ಮಾತಾಡ್ತಿದ್ರಿ. ಎಣ್ಣಿ ಮಾತು ಕೇಳಾಕ ಕುಂತಿಲ್ಲ ನೀವು. ಅದು ನಿಮಗ ಮೊದಲಾ ಸಿಕ್ಕೈತಿ.

ನಿನ್ನಿ ಮುಂಜಾನೆ ಎಂಟಕ್ಕ ಬಂದೆ ನಾ, ಲಿಂಬಿಹಣ್ಣು ಇಡಾಕ. ನೀವು ಜಳಕಾ ಮಾಡಾಕತ್ತಿದ್ರಿ. ಸೀಟಿನಾಗ ಕುಂತು ಬಾಯಿಲೆ ಡುರ್ ಡುರ್ ಅಂತ ಆಟಾ ಆಡಿದೆ, ಬ್ರೇಕ್ ತುಳಿದೆ. ಅಲುಗಲಿಲ್ಲ. ಎರಡೂ ಕಾಲು ಹಾಕಿ ತುಳಿದೆ. ಅವಾಗ ಹೊಳೀತ್ರಿ. ಅವಾಗಾ ಹೊಳೀತು. ಹೇಳಬೇಕು ಅಂತಾನ ಒಳಗ ಹೋದೆ, ಆಂಟಿ ಬಿಸಿ ಹೋಳಿಗಿ ಕೈಯಾಗ ಇಟ್ರು, ಬಾಯಿ ತುಂಬ ತುರಕೊಂಡೆ. ನಾಕು ಫೂಟ್ ಹೋಗೂ ಗಾಡಿ, ಏನಾಗ್ತೈತಿ ಅಂದ್ಕೊಂಡೆ. ಪೂಜಿ ಮುಗೀಲಿ, ಮಂದಿ ಹೋಗ್ಲಿ, ಎಣ್ಣಿ ಬದಲ ಮಾಡಿಬಿಟ್ರ ಯಾರಿಗೂ ಗೊತ್ತಾಗಂಗಿಲ್ಲ ಅಂದ್ಕೊಂಡೆ. ಹೇಳಿದ್ರ ಎಲ್ಲಾರೂ ನನ್ನ ನೋಡಿ ನಗ್ತಿದ್ರು. ನಾ ನಗಸಾಂವ, ನನ್ನ ನೋಡಿ ನಗೂದು ನನಗ ತಡ್ಯಂಗಿಲ್ಲ.

ಆರತಿ ಹೊತ್ತಿನಾಗ ನಾ ಆಂಟಿ ಬಾಜೂಕ ನಿಂತಿದ್ದೆ, ವಿಡಿಯೋ ಕ್ಯಾಮೆರಾ ಹಿಡಕೊಂಡು. ಗಾಡಿ ಮುಂದ, ಇಬ್ಬರೂ. ನೀವು ಚಾವಿ ತಿರುವಿದ್ರಿ. ಎಂಜಿನ್ ಗುರ್ ಅಂತು. ಗಾಜಿನಾಗಿಂದ ನೀವು ನನ್ನ ಕಡೇನಾ ನೋಡಿ ನಕ್ರಿ, ಅಲ್ರಿ? ಅದಕ್ಕ ನಾ ಮಾಡಿದ್ದು ನೀವು ನೋಡೀರಿ. ನಿನ್ನಿಯಿಂದ ಅದನ್ನಾ ನೋಡಾಕತ್ತೀರಿ.

ಗಾಡಿ ಇನ್ನೂ ಹೊಂಟಿರಲಿಲ್ಲ. ನಾ ಎರಡು ಹೆಜ್ಜಿ ಬಾಜೂಕ ಸರದು ಹುಲ್ಲಿನ ಮ್ಯಾಲ ಹೋಗಿ ನಿಂತೆ. ಆಂಟಿಗೆ ಸರೀರಿ ಅನ್ನಲಿಲ್ಲ.