ಗೃಹಪ್ರವೇಶದ ಹಸು

ಚಳ್ಳಕೆರೆ ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಹಾಲು ಒಳ್ಳೇ ಗಟ್ಟಿಯಿದೆಯೆಂದು ಎರಡನೇ ಟೀ ಹೇಳಿ ಕೂತಿದ್ದ ಟ್ರ್ಯಾಕ್ಟರ್ ಮೆಕ್ಯಾನಿಕ್ ಮುಬಾರಕ್‌ನ ಕಿವಿಗೆ, ಪಕ್ಕದ ಕಲ್ಲುಬೆಂಚಿನ ಮೇಲಿದ್ದ ಇಬ್ಬರು ಹೆಂಗಸರ ಮಾತು ಬಿತ್ತು.

"ದುರುಗಕ್ಕ, ಮನೆ ಇಲ್ಲದೋರು ಮಲಗಾಕೆ ಅಂತ ನಿಮ್ಮ ಮೆಂಬರು ಕಟ್ಟಡ ಕಟ್ಟಿಸಿದ್ರಲ್ಲ? ಈ ಚಮನ್ ಬೀ ಯಾಕೆ ಇನ್ನೂ ಇಲ್ಲೇ ಕಂಬದ ಬುಡದಾಗೆ ಬಿದ್ಕಂಡವ್ಳೆ?" ಎಂದಳು ಚಿಕ್ಕವಳು.

"ಅದಕ್ಕೆ ಗೃಹಪ್ರವೇಶ ಮಾಡಿದ್ರು ಕಣೆ ಶಾಂತಿ. ಶಾಸ್ತ್ರಕ್ಕೆ ಮೊದಲು ಹಸು ಒಳಗೆ ಹೋಗಬೇಕಲ್ಲ? ಮೆಂಬರು ತಮ್ಮ ಹಸೂನೇ ಹೊಡ್ಕಂಡು ಬಂದ್ರು."

"ಆಮೇಲೆ?"

"ಆಮೇಲೆ ಅದು ಹೊರಗೆ ಬರ್ಲೇ ಇಲ್ಲ."

"ಅಂದ್ರೆ?"

"ಅಲ್ಲೇ ಗೂಟ ಹೊಡೆದು ಕಟ್ಟವ್ರೆ. ಅದರ ಜತೆಗೆ ಇನ್ನೂ ಮೂರು ತಂದವ್ರೆ. ಮೇಲೆ ಫ್ಯಾನು ತಿರುಗ್ತೈತೆ."

"ಚಮನ್ ಬೀ ಹೋಗಿ ಕೇಳಲಿಲ್ವಾ?"

"ಕೇಳಿದ್ಲಂತೆ. ದಿನಾ ಬಂದು ಸಗಣಿ ಬಾಚು ಅಂದ್ರಂತೆ. ಹೋಗ್ತಾಳೆ, ಬಾಚ್ತಾಳೆ, ಇಲ್ಲಿಗೆ ಬಂದು ಮಲಗ್ತಾಳೆ."

"ಊರೋರು ಯಾರೂ ಏನೂ ಅನ್ನಲ್ವಾ ಅಕ್ಕ?"

"ಏನಂತ ಅನ್ನಾದು? ಈ ಟೀ ಅಂಗಡಿಗೆ, ನಮ್ಮ ಬೀದಿಗೆ ಎಲ್ಲಾ ಅಲ್ಲಿಂದಾನೇ ಹಾಲು. ಸುಳ್ಳು ಹೇಳಬಾರದು, ಒಂದು ತೊಟ್ಟು ನೀರು ಬೆರೆಸಲ್ಲ."

ಅಷ್ಟರಲ್ಲಿ ಮೊಳಕಾಲ್ಮೂರಿನ ಬಸ್ಸು ಬಂತು. ಇಬ್ಬರೂ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಸೀಟು ಹಿಡಿಯಲು ಚೀಲಗಳನ್ನು ಕಿಟಕಿಯೊಳಗೆ ಎಸೆದು, ಜನರ ನಡುವೆ ನುಗ್ಗಿ ಹತ್ತಿದರು.

ಮುಬಾರಕ್ ಹೇಳಿದ್ದ ಎರಡನೇ ಟೀ ಬಂತು. ಅವನು ಲೋಟವನ್ನೊಮ್ಮೆ ನೋಡಿದ. ಆಮೇಲೆ ಕಂಬದ ಕಡೆಗೆ ಬೆನ್ನು ಹಾಕಿ ಕೂತು, ಪೂರ್ತಿ ಕುಡಿದ.