ಮುಚ್ಚಿದ ಅಂಗಡಿಯ ತೆರಿಗೆ

ತೆರಿಗೆ ಕಚೇರಿಯ ಸಾಲು ಆಮೆಯ ಹಾಗೆ ತೆವಳುತ್ತಿತ್ತು. ಕ್ಷೌರದಂಗಡಿಯವನು ಮನಸ್ಸಿನಲ್ಲೇ ತೆರಿಗೆಗೆ ಶಾಪ ಹಾಕುತ್ತ ನಿಂತಿದ್ದ. ಮುಂದೆ ಗಡಿಯಾರ ರಿಪೇರಿಯ ಮುದುಕರೂ ಅವರ ಸೊಸೆಯೂ ಇದ್ದರು. ಅವರ ಮಾತು ತಾನಾಗಿಯೇ ಕಿವಿಗೆ ಬಿತ್ತು.

“ಮಾವ, ಅಂಗಡಿಗೆ ಬೀಗ ಹಾಕಿ ವರ್ಷ ಆಯ್ತು. ಮುಚ್ಚಿದೆ ಅಂತ ಬರೆದುಕೊಟ್ರೆ ವ್ಯಾಪಾರದ ತೆರಿಗೆ ಇರಲ್ಲ.”

“ಬರೆದುಕೊಟ್ರೆ ನಿಜವಾಗ್ಲೂ ಮುಚ್ಚಿದ ಹಾಗಾಗುತ್ತಲ್ಲಮ್ಮ.”

“ಕೈ ನಡುಗುತ್ತೆ ಅಂತ ನೀವೇ ಅಲ್ವಾ ಬಿಟ್ಟಿದ್ದು? ಇಲ್ಲದ ವ್ಯಾಪಾರಕ್ಕೆ ಕಟ್ಟೋದು ತೆರಿಗೆ ಅಲ್ಲ, ದಂಡ.”

“ದಂಡ ಕಟ್ಟೋದು ತಪ್ಪು ಮಾಡಿದವನು. ಬಾಡಿಗೆ ಕಟ್ಟೋದು ಇನ್ನೊಬ್ಬರ ಜಾಗದಲ್ಲಿ ಇರೋನು. ತೆರಿಗೆ ಕಟ್ಟೋದು, ನಾನೂ ಈ ಊರಿನ ಲೆಕ್ಕದಲ್ಲಿದ್ದೀನಿ ಅನ್ನೋನು.”

“ಇದನ್ನೆಲ್ಲ ಅಲ್ಲಿ ಶುರು ಮಾಡ್ಬೇಡಿ. ಸುಂಕದವನ ಮುಂದೆ ಸುಖದುಃಖ ಹೇಳ್ಕೊಂಡ ಹಾಗಾಗುತ್ತೆ.”

“ಆಯ್ತು. ನೀನೇ ಮಾತಾಡು. ಮುಚ್ಚಿದೆ ಅಂತಲೇ ಹೇಳ್ಬಿಡು.”

ಕಿಟಕಿಯೊಳಗಿನ ಗುಮಾಸ್ತ ತಲೆಯೆತ್ತದೆ ಕೇಳಿದ: “ಅಂಗಡಿ ನಡೀತಿದೆಯಾ?”

ಮುದುಕರು ನೆಲ ನೋಡಿದರು. ಸೊಸೆ ಅವರ ಮುಖವನ್ನೊಮ್ಮೆ ನೋಡಿದಳು.

“ನಡೀತಿದೆ” ಎಂದು ದುಡ್ಡು ಮುಂದಿಟ್ಟಳು.

ರಶೀದಿ ಜೇಬಿಗೆ ಸೇರಿದ್ದೇ ತಡ, ಮುದುಕರು ಅವಳಿಗಿಂತ ಮೊದಲೇ ಮೆಟ್ಟಿಲಿಳಿಯತೊಡಗಿದರು.

“ಬೇಗ ಬಾರಮ್ಮ. ದಾರೀಲಿ ಅಂಗಡಿ ಬೀಗಕ್ಕೆ ಒಂಚೂರು ಎಣ್ಣೆ ಬಿಟ್ಟು ಹೋಗೋಣ.”